ಪಾಂಜರಪೋಳದ ತಿಂಗಳ ಲೆಕ್ಕ

ಕುಂದಗೋಳ ತಾಲ್ಲೂಕಿನ ಕುಬಿಹಾಳದಂಥ ಎರೆಸೀಮೆಯ ಊರುಗಳಲ್ಲಿ ದುಡಿದು ಮುದಿಯಾದ ಎತ್ತಿಗೆ ಈಗ ಉಳಿದಿರುವ ದಾರಿ ಎರಡೇ: ಸಾಕಿದವರ ಕೊಟ್ಟಿಗೆ, ಇಲ್ಲವೇ ಗೋಶಾಲೆ. 2021ರಲ್ಲಿ ಜಾರಿಗೆ ಬಂದ ರಾಜ್ಯದ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಮಾತ್ರ ಹೊರಗಿಟ್ಟಿತು. ಆಕಳು, ಎತ್ತು, ಹೋರಿಗಳಿಗೆ ಆ ವಿನಾಯಿತಿ ಇಲ್ಲ. ಕಾಯ್ದೆ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಆ ದನಗಳು ತಿನ್ನುವ ಮೇವಿನ ಖರ್ಚು ಯಾರ ಮೇಲೆ ಬಿತ್ತು ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಅದು ಬಿದ್ದದ್ದು ರೈತನ ಮೇಲೆ. ಆತನಿಗೆ ಆಗದಿದ್ದಾಗ ಹುಬ್ಬಳ್ಳಿಯ ಪಾಂಜರಪೋಳದಂಥ ಸಂಸ್ಥೆಗಳ ಮೇಲೆ.

ಪಾಂಜರಪೋಳವೆಂದರೆ ಮುದಿ, ರೋಗಿ ಪ್ರಾಣಿಗಳನ್ನು ಸಾಕುವ ತಾಣ; ಗುಜರಾತಿ, ಮಾರವಾಡಿ ವ್ಯಾಪಾರಿಗಳು ಪಶ್ಚಿಮ ಭಾರತದಲ್ಲಿ ಬೆಳೆಸಿದ ಪದ್ಧತಿ. ಮುಂಬಯಿಯಲ್ಲಿ 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಸರ್ಕಾರಿ ಆದೇಶದ ವಿರುದ್ಧ ಗಲಭೆಯೆದ್ದಿತು. ಎರಡು ವರ್ಷಗಳ ನಂತರ ಪಾರ್ಸಿ ವರ್ತಕ ಜಮಸೇಟಜಿ ಜೀಜೀಭಾಯಿ ಮತ್ತಿತರರು ಸೇರಿ ಅಲ್ಲೊಂದು ಪಾಂಜರಪೋಳ ಕಟ್ಟಿದರು. ಅದನ್ನು ನಡೆಸಿದ್ದು ಒಬ್ಬ ಧಣಿಯ ಔದಾರ್ಯವಷ್ಟೇ ಅಲ್ಲ. ಹತ್ತಿ, ಸಕ್ಕರೆ ಮುಂತಾದ ಸರಕಿನ ವ್ಯಾಪಾರದ ಮೇಲೆ ವರ್ತಕರೇ ತಮಗೆ ತಾವು ಹಾಕಿಕೊಂಡ ‘ಲಾಗಾ’ ಎಂಬ ಸಣ್ಣ ವಂತಿಗೆ ಅದನ್ನು ಪೋಷಿಸಿತು. ನಮ್ಮ ಪೇಟೆಗಳ ‘ಧರ್ಮಾದಾಯ’ವೂ ಇದೇ ಜಾತಿಯದು. ಮನಸ್ಸು ಕರಗಿದಾಗ ಕೊಡುವುದು ಬೇರೆ, ವಹಿವಾಟು ನಡೆದಾಗಲೆಲ್ಲ ಕೊಡುವುದು ಬೇರೆ ಎಂದು ಆ ವರ್ತಕರಿಗೆ ಗೊತ್ತಿತ್ತು. ಗೋಶಾಲೆಗಳಿಗೆ ಕೊಡುವ ಇಂದಿನ ಮಾಸಿಕ ದೇಣಿಗೆ ಹೊಸ ಫ್ಯಾಶನ್ ಅಲ್ಲ. ಆ ಲಾಗಾದ ಮರುಹುಟ್ಟು.

ಯಾಕೆ ತಿಂಗಳಿಗೊಮ್ಮೆ? ದಾನಿಗಳು ಗೋಶಾಲೆಯ ದನವನ್ನು ದತ್ತು ಪಡೆಯುವ ರಾಜ್ಯ ಸರ್ಕಾರದ ‘ಪುಣ್ಯಕೋಟಿ ದತ್ತು ಯೋಜನೆ’ಯ ಅಂಕಿಗಳನ್ನೇ ನೋಡಿ. ಒಂದು ದನದ ಒಂದು ದಿನದ ಮೇವಿಗೆ 70 ರೂಪಾಯಿ, ವರ್ಷದ ದತ್ತಿಗೆ 11,000. ದಿನಕ್ಕೆ 70 ಎಂದರೆ ವರ್ಷಕ್ಕೆ 25,550 ಆಗುತ್ತದೆ. ದತ್ತಿನ ಹಣ ಅದರ ಅರ್ಧಕ್ಕೂ ಬರುವುದಿಲ್ಲ. ಉಳಿದದ್ದನ್ನು ಯಾರಾದರೂ ತುಂಬಲೇಬೇಕು. ತಿಂಗಳಿಗೆ ನೂರು ರೂಪಾಯಿ ಕೊಡುವ ಇಪ್ಪತ್ತೆರಡು ಜನ ಸಿಕ್ಕರೆ ಒಂದು ದನದ ಹೊಟ್ಟೆ ತುಂಬುತ್ತದೆ. ಹಣದ ಮೊತ್ತಕ್ಕಿಂತ ಅದು ಬರುವ ಖಾತ್ರಿ ದೊಡ್ಡದು. ಹಿಂಗಾರಿ ಜೋಳ ಕೊಯ್ದು ರಾಶಿ ಮುಗಿದಾಗ ಕಣಿಕೆ ಅಗ್ಗ. ಬೇಸಿಗೆ ಏರಿದಂತೆ ದರವೂ ಏರುತ್ತದೆ. ಮುಂದಿನ ಆರು ತಿಂಗಳು ಇಷ್ಟು ಬರುತ್ತದೆಂದು ಗೊತ್ತಿರುವ ಗೋಶಾಲೆ ಫೆಬ್ರುವರಿಯಲ್ಲೇ ಬಣವಿ ಒಟ್ಟಿಕೊಳ್ಳುತ್ತದೆ. ಗೊತ್ತಿಲ್ಲದ್ದು ಮೇ ತಿಂಗಳಲ್ಲಿ ಸಿಕ್ಕ ದರಕ್ಕೆ ಕೊಳ್ಳುತ್ತದೆ. 2023ರಂತೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಕ್ಕೆ ತುತ್ತಾದ ವರ್ಷ ಈ ವ್ಯತ್ಯಾಸ ಎಷ್ಟಾದೀತು, ಊಹಿಸಿಕೊಳ್ಳಿ.

ಹಣವೇ ಏಕೆ, ಹೊಟ್ಟು ಕಣಿಕೆ ಕೊಟ್ಟರಾಗದೇ ಎನ್ನುವವರಿದ್ದಾರೆ. ಖಂಡಿತ ಆಗುತ್ತದೆ, ಅದು ಒಳ್ಳೆಯ ದಾನವೇ. ಆದರೆ ದನದ ಹೊಟ್ಟೆ ಕೊಯ್ದು ಪ್ಲಾಸ್ಟಿಕ್ ಚೀಲದ ಮುದ್ದೆ ಹೊರತೆಗೆಯುವ ಪಶುವೈದ್ಯರಿಗೆ, ಸಗಣಿ ಬಾಚುವವರ ಪಗಾರಕ್ಕೆ, ಬೋರ್‌ವೆಲ್ಲಿನ ಕರೆಂಟ್ ಬಿಲ್ಲಿಗೆ ಕಣಿಕೆ ನಡೆಯುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಉತ್ತರ ಕರ್ನಾಟಕದಲ್ಲಿ ಹರಡಿದಾಗ ಬೇಕಾದದ್ದು ಔಷಧ, ಲಸಿಕೆ ಮತ್ತು ರೋಗದ ದನಗಳನ್ನು ಬೇರೆ ಕಟ್ಟಲು ಜಾಗ. ಮನುಷ್ಯರಿಗೇ ಇಲ್ಲದಾಗ ದನಕ್ಕೇಕೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ ಇಲ್ಲಿ ದನದ ಹಿಂದೆ ನಿಂತಿರುವುದೂ ಬಡ ಮನುಷ್ಯನೇ: ಮುದಿ ಎತ್ತನ್ನು ಮಾರಲಾರದ, ಮೇಯಿಸಲಾರದ ಎರಡೆಕರೆಯ ರೈತ. ಸರ್ಕಾರ ಕೊಡಲಿ ಎಂಬ ಮಾತೂ ನ್ಯಾಯವಾದದ್ದೇ. ಕಾಯ್ದೆ ಮಾಡಿದವರು ಖರ್ಚನ್ನೂ ಹೊರಬೇಕು, ಅದನ್ನು ಕೇಳುತ್ತಲೇ ಇರಬೇಕು. ಅನುದಾನ ಬರುವತನಕ ದನ ಉಪವಾಸ ಇರಲಾರದು ಎಂಬುದಷ್ಟೇ ತಕರಾರು.

ದುಡ್ಡು ಎಲ್ಲಿಗೆ ಹೋಗುತ್ತದೋ ಎಂಬ ಅನುಮಾನಕ್ಕೆ ಮಾಸಿಕ ದೇಣಿಗೆಯೇ ಮದ್ದು. ಒಮ್ಮೆ ಕೊಟ್ಟು ಫೋಟೊ ತೆಗೆಸಿಕೊಂಡವರು ಲೆಕ್ಕ ಕೇಳಲು ಮರಳಿ ಬರುವುದಿಲ್ಲ. ತಿಂಗಳಾ ಕೊಡುವವರು ಎಷ್ಟು ದನ ಬಂದವು, ಎಷ್ಟು ಸತ್ತವು, ಬಣವಿಯಲ್ಲಿ ಎಷ್ಟು ಉಳಿದಿದೆ ಎಂದು ಕೇಳಬಹುದು. ಉತ್ತರ ಬಾರದಿದ್ದರೆ ಮುಂದಿನ ತಿಂಗಳು ನಿಲ್ಲಿಸಬಹುದು. ಇನ್ನು ಬೆಳೆ ಬಂದಾಗಷ್ಟೇ ಕೈಗೆ ಕಾಸು ಕಾಣುವ ರೈತ ತಿಂಗಳಾ ಹೇಗೆ ಕೊಟ್ಟಾನು? ಕೊಡಬೇಕಿಲ್ಲ. ಆತ ಸುಗ್ಗಿಯಲ್ಲಿ ಕಣಿಕೆ ಕೊಡಲಿ. ಹುಬ್ಬಳ್ಳಿ, ಬೆಂಗಳೂರಿನಲ್ಲಿ ಪಗಾರ ಎಣಿಸುವ ಆತನ ಮಕ್ಕಳು ಯುಪಿಐ ಆಟೊಪೇಯಲ್ಲಿ ನೂರು ರೂಪಾಯಿ ಹಚ್ಚಿಡಲಿ. ಹಾಲಿನ ಡೇರಿ ಇರುವ ಊರುಗಳಲ್ಲಿ ಇನ್ನೊಂದು ದಾರಿಯಿದೆ. ಹಾಲಿನ ಬಿಲ್ಲು ತಪ್ಪದೆ ಬರುತ್ತದೆ; ಒಪ್ಪಿದ ಸದಸ್ಯರ ಬಿಲ್ಲಿನಿಂದ ಲೀಟರಿಗೆ ಹತ್ತು ಪೈಸೆ ಬದಿಗಿಟ್ಟರೆ, ಕರೆಯುವ ಆಕಳೇ ಬತ್ತಿದ ಆಕಳನ್ನು ಸಾಕಿದಂತಾಗುತ್ತದೆ.