ಸೇನಾಪತಿಯ ಸಹಿ: ಅಸಲಿಯೋ, ನಕಲಿಯೋ?

ಮಿಲಿಟ್ರಿಗೆ ಹೋಗಿ ಬಂದವರ ಮನೆಗಳು ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಕಡೆಗೆ ಹೊಸವಲ್ಲ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಬೆಳಗಾವಿಯಲ್ಲೇ ಇದೆ. ಅಂಥ ಮನೆಯ ಪಡಸಾಲೆಯಲ್ಲಿ ಕಟ್ಟು ಹಾಕಿಸಿದ ಫೋಟೊ ಒಂದು ಇದ್ದೇ ಇರುತ್ತದೆ. ಅದರಲ್ಲಿ ದೊಡ್ಡ ಸಾಹೇಬರು, ಕೆಳಗೆ ಪೆನ್ನಿನ ಸಹಿ ಇದ್ದರೆ? "ಇದು ಕಾರ್ಯಪ್ಪನವರದ್ದರೀ, ನಮ್ಮಜ್ಜಗ ಕೊಟ್ಟದ್ದು" ಎಂದು ಮನೆಯವರು ಹೇಳಿದರೆ ನಂಬುವುದೋ, ಬಿಡುವುದೋ?

ಇದು ಬರೀ ಕುತೂಹಲದ ಮಾತಲ್ಲ ಓದುಗರೇ, ದುಡ್ಡಿನ ಮಾತೂ ಹೌದು. ಯುದ್ಧಕಾಲದ ಸೇನಾಪತಿಗಳ ಸಹಿ ಇರುವ ಫೋಟೊ ಕೂಡಿಹಾಕುವ ಹವ್ಯಾಸ ಪರದೇಶಗಳಲ್ಲಿ ಹಳೆಯದು. ದುಡ್ಡು ಓಡಾಡುವಲ್ಲಿ ಖೋಟಾ ಮಾಲೂ ಓಡಾಡುತ್ತದೆ. ಹಾಗಾದರೆ ಗುರುತು ಹಿಡಿಯುವುದು ಹೇಗೆ?

ಹುದ್ದೆ ಹೇಳುವ ಗುಟ್ಟು

ಮೊದಲು ಸಹಿಯ ಜೊತೆಗಿರುವ ಹುದ್ದೆ ನೋಡಿ. ಕೊಡಗಿನ ಕೆ. ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ನಮ್ಮ ಸೈನ್ಯದ ಮೊದಲ ಭಾರತೀಯ ಮುಖ್ಯಸ್ಥರಾದರು. ಫೀಲ್ಡ್ ಮಾರ್ಷಲ್ ಆದದ್ದು 1986ರಲ್ಲಿ, ತೀರಿಕೊಂಡದ್ದು 1993ರಲ್ಲಿ. 1948ರ ಕಾಶ್ಮೀರ ಯುದ್ಧದ ಫೋಟೊ ಮೇಲೆ ಅವರ ಸಹಿ, ಕೆಳಗೆ "ಫೀಲ್ಡ್ ಮಾರ್ಷಲ್" ಎಂದಿದ್ದರೆ ಆ ಸಹಿ 1986ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಸಹಿ ಅಸಲಿ ಇರಬಹುದು. ಆದರೆ ಯುದ್ಧಕಾಲದ ಸಹಿ ಅಂತ ಮಾರಿದರೆ ಅದು ಮೋಸ.

ಮಾಣೆಕ್ ಶಾ ಅವರ ಲೆಕ್ಕವೂ ಇದೇ. 1971ರ ಡಿಸೆಂಬರಿನಲ್ಲಿ ಬಾಂಗ್ಲಾ ಯುದ್ಧ ಗೆದ್ದಾಗ ಅವರು ಜನರಲ್. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1973ರ ಜನವರಿಯಲ್ಲಿ.

ಕಾಗದವೇ ಸಾಕ್ಷಿ

ಎರಡನೆಯದು ಕಾಗದ. ಹಳೆಯ ಕಪ್ಪು-ಬಿಳುಪು ಫೋಟೊಗಳ ಕಾಗದ ದಪ್ಪ, ಅಂಚಿನಲ್ಲಿ ಸುರುಳಿಯಾಗುವಂಥದ್ದು. ಪ್ಲಾಸ್ಟಿಕ್ ಲೇಪದ ಫೋಟೊ ಕಾಗದ ಬಳಕೆಗೆ ಬಂದದ್ದು 1960ರ ದಶಕದ ಕೊನೆಗೆ. 1948ರ ನವೆಂಬರಿನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿ ಶತ್ರುವನ್ನು ಬೆಚ್ಚಿಬೀಳಿಸಿದ ಜನರಲ್ ತಿಮ್ಮಯ್ಯನವರು 1965ರ ಡಿಸೆಂಬರ್ 18ರಂದು ಸೈಪ್ರಸ್ಸಿನಲ್ಲಿ ತೀರಿಕೊಂಡರು. ಪ್ಲಾಸ್ಟಿಕ್ ಕಾಗದದ ಮೇಲೆ ಅವರ ಸಹಿ ಬಂದದ್ದು ಹೇಗೆ? ಸತ್ತವರು ಎದ್ದು ಬಂದು ಬರೆದರೇ?

ಅಂಗಡಿಯವರು ಖೋಟಾ ನೋಟು ನೋಡಲು ಇಟ್ಟುಕೊಳ್ಳುವ ನೀಲಿ ದೀಪವೂ ಉಪಯೋಗಕ್ಕೆ ಬರುತ್ತದೆ. ಕಾಗದವನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕ ಫೋಟೊ ಕಾಗದಕ್ಕೆ ಸೇರತೊಡಗಿದ್ದು 1950ರ ದಶಕದಲ್ಲಿ. 1944ರದು ಅನ್ನುವ ಫೋಟೊ ಆ ದೀಪದಡಿ ಫಳಫಳ ಹೊಳೆದರೆ ಅನುಮಾನ ಪಡಲೇಬೇಕು.

ಸಹಿ ಎಲ್ಲಿ ಕೂತಿದೆ?

ಮೂರನೆಯದಕ್ಕೆ ಭೂತಗನ್ನಡಿ ಸಾಕು. ಫೋಟೊವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಪೆನ್ನಿನ ಶಾಯಿ ಆದರೆ ಮೇಲ್ಮೈ ಮೇಲೆ ಬೇರೆಯೇ ಆಗಿ ಕಾಣುತ್ತದೆ. ಸಹಿ ಫೋಟೊದ ಒಳಗೇ ಇದ್ದರೆ ಅದು ಪ್ರತಿ ತೆಗೆಯುವಾಗಲೇ ಬಂದದ್ದು. ಸಣ್ಣ ಸಣ್ಣ ಚುಕ್ಕಿ ಕಂಡರೆ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಇನ್ನು ಆಟೊಪೆನ್ ಎಂಬ ಯಂತ್ರವಿದೆ, ಅದು ಮನುಷ್ಯನ ಬದಲು ಸಹಿ ಮಾಡುತ್ತದೆ! ಯಾವ ಮನುಷ್ಯನೂ ಎರಡು ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಹಿ ಹಾಕಲಾರ. ಒಂದರ ಮೇಲೊಂದು ಇಟ್ಟಾಗ ಎರಡೂ ಸರಿಯಾಗಿ ಕೂತವೋ, ಎರಡೂ ಸಂಶಯಕ್ಕೆ ಬಂದವು.

ಇಷ್ಟೆಲ್ಲ ಪರೀಕ್ಷೆ ನಕಲಿಯನ್ನು ಹಿಡಿಯಬಹುದು, ಅಸಲಿ ಅಂತ ಸಾಬೀತು ಮಾಡಲಾರವು. ಹಳೆಯ ಕಾಗದದ ಮೇಲೆ ಹಳೆಯ ಶಾಯಿಯಿಂದ ಬರೆಯುವ ಕೈಚಳಕದವರೂ ಇದ್ದಾರೆ. ಮಾರುವವನು ಕೊಡುವ ಸರ್ಟಿಫಿಕೇಟಿನ ಬೆಲೆ ಅದನ್ನು ಬರೆದವನ ಮೇಲೆ ನಿಂತದ್ದು. ಕಡೆಗೆ ನಿಲ್ಲುವ ಸಾಕ್ಷಿ ಒಂದೇ: ಆ ಫೋಟೊ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಕಥೆ, ಮತ್ತು ಅದಕ್ಕೆ ಕಾಗದದ ಆಧಾರ.

ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದವರು ವೀರಗಲ್ಲು ನೋಡಿರುತ್ತಾರೆ. ಕಾದಿದವನ ಚಿತ್ರ ಕೆತ್ತಿದರಷ್ಟೇ ಸಾಲದು, ಯಾರು, ಯಾವ ಕಾಳಗ ಎಂದು ಬರೆಯಿಸಬೇಕು ಎನ್ನುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಬರಹವಿಲ್ಲದ ವೀರಗಲ್ಲು ಯಾವ ವೀರನದೆಂದು ಇವತ್ತು ಹೇಳುವವರಿಲ್ಲ. ಫೋಟೊದ ಗತಿಯೂ ಅದೇ.

ಏನು ಮಾಡಬೇಕು?

ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಇವತ್ತೇ ಕೇಳಿ: ಯಾವ ಪಲ್ಟನ್, ಯಾವ ಊರು, ಯಾವ ಇಸವಿ, ಸಾಹೇಬರು ಎದುರಿಗೇ ಸಹಿ ಮಾಡಿದರೋ, ಟಪಾಲಿನಲ್ಲಿ ಬಂತೋ? ಅವರ ಮಾತನ್ನು ಬೇರೆ ಹಾಳೆಯಲ್ಲಿ ಬರೆದು ತಾರೀಖು ಹಾಕಿ ಅವರ ಸಹಿ ಮಾಡಿಸಿ. ಫೋಟೊದ ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಷ್ಟೇ ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತು ಮುಂದೆ ಮೂಡುತ್ತದೆ. ಲ್ಯಾಮಿನೇಶನ್ ಬೇಡವೇ ಬೇಡ. ಡಿಸ್ಚಾರ್ಜ್ ಬುಕ್ಕು, ಹಳೆಯ ಪತ್ರ, ಅದರ ಲಕೋಟೆ ಎಲ್ಲ ಜೊತೆಗಿರಲಿ.

ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದರು ಅದನ್ನು ಉದ್ಘಾಟಿಸಿದರು. ಜನರಲ್‌ಗಳ ಸಾಮಾನು ಕಾಯಲು ಮ್ಯೂಸಿಯಂ ಇದೆ. ಅವರ ಕೆಳಗೆ ಬಂದೂಕು ಹಿಡಿದ ನಮ್ಮೂರ ಸಿಪಾಯಿಯ ಕಥೆ ಕಾಯುವವರು ಮನೆಯವರೇ. ಯಾರಾದರೂ ಬಂದು "ಹಳೇ ಫೋಟೊ ಅದಾವೇನ್ರೀ, ರೊಕ್ಕ ಕೊಡ್ತೀನಿ" ಅಂದರೆ, ಕೊಡುವುದು ಬಿಡುವುದು ಆಮೇಲಿನ ಮಾತು. ಮೊದಲು ಅಜ್ಜನ ಮಾತು ಬರೆದುಕೊಳ್ಳಿ.