ನಿಯಂತ್ರಕ ಟಿ-ಕೋಶಗಳ ಲಕ್ಷಣನಿರ್ಣಯ

ಒಂದು ವಸ್ತುವನ್ನು ಉಳಿದೆಲ್ಲ ವಸ್ತುಗಳಿಂದ ಬೇರ್ಪಡಿಸಿ ತೋರಿಸುವ ಅಸಾಧಾರಣ ಧರ್ಮವೇ ಅದರ ಲಕ್ಷಣವೆಂಬುದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಕೊಂಬುಳ್ಳದ್ದು ಹಸುವೆಂದರೆ ಎಮ್ಮೆಗೂ ಆ ಮಾತು ಸಲ್ಲುತ್ತದೆ, ಅದು ಅತಿವ್ಯಾಪ್ತಿ. ಕಪಿಲವರ್ಣದ್ದು ಹಸುವೆಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಸೀಳಿಲ್ಲದ ಗೊರಸುಳ್ಳದ್ದೆಂದರೆ ಯಾವ ಹಸುವಿಗೂ ಹೊಂದದು; ಅದು ಅಸಂಭವ. ಕೊರಳಿನ ಗಂಗೆದೊಗಲೇ ನಿರ್ದುಷ್ಟವಾದ ಲಕ್ಷಣ. ಈ ಹಳೆಯ ಪಾಠವು ರಕ್ತಪರೀಕ್ಷೆಯ ಪ್ರಯೋಗಶಾಲೆಯಲ್ಲಿಯೂ ನಡೆಯುತ್ತಿದೆಯೆಂಬುದು ನನಗೆ ತಿಳಿದದ್ದು, ಅಲ್ಲಿ ಕೆಲಸಮಾಡುವ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದು, "ಗುರುಗಳೇ, ರೆಗ್ಯುಲೇಟರಿ ಟಿ-ಸೆಲ್‌ಗೆ ಕನ್ನಡದಲ್ಲಿ ಏನೆನ್ನೋಣ?" ಎಂದು ಕೇಳಿದಾಗ. ಹೆಸರಿಡುವ ಮೊದಲು ವಸ್ತುವನ್ನು ತಿಳಿಯಬೇಕಲ್ಲವೇ? ಅವನಿಂದ ಕೇಳಿ, ಆಮೇಲೆ ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ದೇಹವನ್ನು ರಕ್ಷಿಸುವ ಬಿಳಿಯ ರಕ್ತಕಣಗಳಲ್ಲಿ ಥೈಮಸ್ ಗ್ರಂಥಿಯಲ್ಲಿ ಪಕ್ವಗೊಳ್ಳುವವು ಟಿ-ಕೋಶಗಳು. ಇವುಗಳಲ್ಲಿ ಕೆಲವು ಸ್ವಂತ ದೇಹವನ್ನೇ ಶತ್ರುವೆಂದು ಭ್ರಮಿಸುವುದುಂಟು. ಅಂಥವುಗಳನ್ನು ತಡೆದು ನಿಲ್ಲಿಸುವ ಟಿ-ಕೋಶಗಳೂ ಇವೆ. ೧೯೯೫ರಲ್ಲಿ ಜಪಾನಿನ ಶಿಮೊನ್ ಸಕಾಗುಚಿ ಮತ್ತು ಸಂಗಡಿಗರು ಸಿ.ಡಿ. ೨೫ ಎಂಬ ಗುರುತುಳ್ಳ ಕೋಶಗಳನ್ನು ತೆಗೆದುಹಾಕಿ, ಉಳಿದ ಟಿ-ಕೋಶಗಳನ್ನಷ್ಟೇ ಥೈಮಸ್ ಇಲ್ಲದ ಇಲಿಗಳಿಗೆ ಕೊಟ್ಟರು. ಇಲಿಗಳ ಅಂಗಾಂಗಗಳು ಸ್ವಂತ ರಕ್ಷಕರ ದಾಳಿಗೇ ತುತ್ತಾದವು. ೨೦೦೧ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರ ಸಂಶೋಧನೆಯಿಂದ ಫಾಕ್ಸ್‌ಪಿ ೩ ಎಂಬ ಜೀನ್ ಬೆಳಕಿಗೆ ಬಂದಿತು. ಇದು ಕೆಟ್ಟ ಗಂಡುಮಕ್ಕಳಿಗೆ ಶೈಶವದಲ್ಲಿಯೇ ಕರುಳು, ಚರ್ಮ, ಗ್ರಂಥಿಗಳು ಹಾಳಾಗಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಈ ಮೂವರಿಗೂ ೨೦೨೫ರ ವೈದ್ಯಕೀಯ ನೊಬೆಲ್ ಪಾರಿತೋಷಕ ಸಂದಿತು.

ಇನ್ನು ಗುರುತಿಸುವ ಯಂತ್ರದ ವಿಚಾರ. ಅದರ ಹೆಸರು ಫ್ಲೋ ಸೈಟೋಮೀಟರ್. ಕೋಶದ ಮೈಮೇಲಿರುವ ಒಂದೊಂದು ಪ್ರೋಟೀನಿಗೂ ಸಿ.ಡಿ. ೪, ಸಿ.ಡಿ. ೨೫ ಎಂದು ಕ್ರಮಸಂಖ್ಯೆಗಳುಂಟು. ೧೯೮೨ರಲ್ಲಿ ಪ್ಯಾರಿಸ್ಸಿನಲ್ಲಿ ನೆರೆದ ತಜ್ಞರು ಆರಂಭಿಸಿದ ಪದ್ಧತಿಯಿದು. ಆಯಾ ಪ್ರೋಟೀನಿಗೇ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವೊಂದನ್ನು ಜೋಡಿಸಿ ರಕ್ತದೊಡನೆ ಬೆರೆಸುತ್ತಾರೆ. ಬಳಿಕ ಯಂತ್ರದೊಳಗೆ ವೇಗವಾಗಿ ಹರಿಯುವ ದ್ರವವು ಸುತ್ತಲೂ ಒತ್ತುವುದರಿಂದ ಕೋಶಗಳು ದಾರಕ್ಕೆ ಪೋಣಿಸಿದ ಮಣಿಗಳಂತೆ ಒಂದರ ಹಿಂದೊಂದು ಲೇಸರ್ ಕಿರಣವನ್ನು ದಾಟುತ್ತವೆ, ಸೆಕೆಂಡಿಗೆ ಸಾವಿರಾರು! ಮುಂದಕ್ಕೆ ಚೆದರಿದ ಬೆಳಕು ಕೋಶದ ಗಾತ್ರವನ್ನೂ, ಪಕ್ಕಕ್ಕೆ ಚೆದರಿದ ಬೆಳಕು ಅದರ ಒಳಗಿನ ಕಣಕಣವಾದ ರಚನೆಯನ್ನೂ, ಬಣ್ಣಗಳ ಹೊಳಪು ಯಾವ ಪ್ರೋಟೀನು ಎಷ್ಟಿದೆಯೆಂಬುದನ್ನೂ ಸೂಚಿಸುತ್ತವೆ. ಒಂದೊಂದು ಕೋಶವೂ ಗಣಕಯಂತ್ರದ ತೆರೆಯ ಮೇಲೆ ಒಂದೊಂದು ಚುಕ್ಕೆ. ಬೇಕಾದ ಚುಕ್ಕೆಗಳ ಸುತ್ತ ಪರೀಕ್ಷಕನು ಬೇಲಿ ಹಾಕಿ ಎಣಿಸುತ್ತಾನೆ.

ತೊಡಕಿರುವುದು ಆ ಬೇಲಿಯಲ್ಲಿಯೇ. ಸಿ.ಡಿ. ೪ ಇರುವುದೇ ಲಕ್ಷಣವೆಂದರೆ ಸಹಾಯಕ ಟಿ-ಕೋಶಗಳೆಲ್ಲವೂ ಒಳಗೆ ಬರುತ್ತವೆ. ಸಿ.ಡಿ. ೨೫ನ್ನು ಸೇರಿಸಿದರೆ ಶುದ್ಧವಾಗಿ ಸಾಕಿದ ಇಲಿಗಳಲ್ಲಿ ಮಟ್ಟಿಗೆ ಸರಿಹೋಗುತ್ತದೆ. ಮನುಷ್ಯನಾದರೋ ಸದಾ ಒಂದಲ್ಲ ಒಂದು ಸೋಂಕನ್ನು ಎದುರಿಸುವವನು, ಅವನಲ್ಲಿ ಹೋರಾಟಕ್ಕೆ ಎದ್ದ ಸಾಮಾನ್ಯ ಟಿ-ಕೋಶಗಳೂ ಅದೇ ಗುರುತನ್ನು ಧರಿಸುತ್ತವೆ. ತೆರೆಯ ಮೇಲೆ ಎರಡು ಗುಂಪುಗಳ ನಡುವೆ ಕಂದಕವಿರದು, ಇಳಿಜಾರಿರುತ್ತದೆ. ಬೇಲಿಯನ್ನು ಮೇಲಕ್ಕೆ ಸರಿಸಿದರೆ ಅವ್ಯಾಪ್ತಿ, ಕೆಳಕ್ಕೆ ಸರಿಸಿದರೆ ಅತಿವ್ಯಾಪ್ತಿ. ಆ ಒಂದು ಬಣ್ಣವನ್ನು ಮಾತ್ರ ಬಿಟ್ಟು ಸಿದ್ಧಪಡಿಸಿದ ಇನ್ನೊಂದು ಮಾದರಿಯೊಡನೆ ಹೋಲಿಸಿ ಎಲ್ಲೆಯನ್ನು ಗೊತ್ತುಮಾಡುವ ಕ್ರಮವುಂಟು. ಆದರೂ ಸಂದೇಹ ಪೂರ್ತಿ ನೀಗದು.

ಹಾಗಾದರೆ ಫಾಕ್ಸ್‌ಪಿ ೩ ಪ್ರೋಟೀನೇ ಗಂಗೆದೊಗಲಲ್ಲವೇ? ಇಲ್ಲಿ ಎರಡು ವಿಘ್ನಗಳು. ಅದು ಕೋಶಕೇಂದ್ರದೊಳಗಿದೆ, ಪ್ರತಿಕಾಯವು ಅಲ್ಲಿಗೆ ತಲುಪಬೇಕಾದರೆ ಕೋಶವನ್ನು ರಾಸಾಯನಿಕದಿಂದ ಸ್ಥಿರಗೊಳಿಸಿ ಅದರ ಪೊರೆಯನ್ನು ತೂತುಮಾಡಬೇಕು. ಎಂದರೆ, ಗುರುತು ಸಿಕ್ಕುವ ವೇಳೆಗೆ ಕೋಶ ಸತ್ತಿರುತ್ತದೆ. ಅಲ್ಲದೆ ಮನುಷ್ಯನ ಸಾಮಾನ್ಯ ಟಿ-ಕೋಶಗಳೂ ಉದ್ರಿಕ್ತವಾದಾಗ ಸ್ವಲ್ಪಕಾಲ ಇದನ್ನು ತೋರಿಸುತ್ತವೆ.

೨೦೦೬ರಲ್ಲಿ ಒಂದು ದಾರಿ ತೆರೆಯಿತು. ಫಾಕ್ಸ್‌ಪಿ ೩ ಹೆಚ್ಚಿದ್ದಲ್ಲಿ ಮೈಮೇಲಿನ ಸಿ.ಡಿ. ೧೨೭ ಕಡಿಮೆಯಿರುತ್ತದೆಯೆಂದು ಕಂಡುಬಂದಿತು. ಅಭಾವವನ್ನೂ ಒಂದು ಪದಾರ್ಥವೆಂದು ಗಣಿಸಿದ ವೈಶೇಷಿಕರಿಗೆ ಇದು ಆಶ್ಚರ್ಯವೆನಿಸದು. ಸಿ.ಡಿ. ೪ ಉಂಟು, ಸಿ.ಡಿ. ೨೫ ಅಧಿಕ, ಸಿ.ಡಿ. ೧೨೭ ಅಲ್ಪ: ಈ ಮೂರೂ ಕೂಡಿದ ಕೋಶಗಳನ್ನು ಜೀವಂತವಾಗಿಯೇ ಆರಿಸಿಕೊಳ್ಳಬಹುದು. ಆರೋಗ್ಯವಂತನ ರಕ್ತದಲ್ಲಿ ಸಿ.ಡಿ. ೪ ಉಳ್ಳ ಕೋಶಗಳ ಪೈಕಿ ಇವು ಸುಮಾರು ನೂರಕ್ಕೆ ಐದರಿಂದ ಹತ್ತು. ಉದ್ರಿಕ್ತ ಕೋಶಗಳೂ ಕೆಲಕಾಲ ಸಿ.ಡಿ. ೧೨೭ನ್ನು ತಗ್ಗಿಸಿಕೊಳ್ಳುವುದರಿಂದ ಈ ಲಕ್ಷಣವೂ ಪೂರ್ಣ ನಿರ್ದುಷ್ಟವಲ್ಲ. ಆದಕಾರಣ, ಆರಿಸಿದ ಕೋಶಗಳು ಇತರ ಟಿ-ಕೋಶಗಳ ವೃದ್ಧಿಯನ್ನು ನಿಜವಾಗಿ ತಡೆಯುತ್ತವೆಯೇ ಎಂದು ಬೇರೆಯಾಗಿ ಪರೀಕ್ಷಿಸುವುದುಂಟು.

ಇದು ಬರಿಯ ಪಾಂಡಿತ್ಯದ ಚರ್ಚೆಯಲ್ಲ. ಒಂದನೆಯ ಬಗೆಯ ಮಧುಮೇಹದಲ್ಲಿ ದೇಹವೇ ತನ್ನ ಇನ್ಸುಲಿನ್ ಕೋಶಗಳನ್ನು ನಾಶಮಾಡುತ್ತದೆ. ಅಂಥ ೧೪ ಮಂದಿ ವಯಸ್ಕರಿಗೆ, ಅವರವರ ರಕ್ತದಿಂದಲೇ ಮೇಲಿನ ಮೂರು ಗುರುತುಗಳಿಂದ ಆರಿಸಿ ಬೆಳೆಸಿದ ಕೋಶಗಳನ್ನು ಮರಳಿ ಕೊಟ್ಟ ಅಮೆರಿಕದ ಪರೀಕ್ಷೆಯೊಂದರ ವರದಿ ೨೦೧೫ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಅಪಾಯಕಾರಿಯೇ ಎಂದು ನೋಡುವುದು ಅದರ ಮುಖ್ಯ ಉದ್ದೇಶವಾಗಿತ್ತು. ಬೇಲಿ ತಪ್ಪಿ ದಾಳಿಕೋರ ಕೋಶಗಳು ಒಳಸೇರಿದರೆ ಅವುಗಳನ್ನೇ ಬೆಳೆಸಿ ರೋಗಿಯ ಮೈಗೆ ತುಂಬಿದಂತಾಗುವುದು.

ಶಿಷ್ಯನ ಪ್ರಶ್ನೆಗೆ ನಾನು ಮೊದಲು ಸೂಚಿಸಿದ ಪದ 'ನಿಗ್ರಹಕೋಶ'. ೧೯೭೦ರ ದಶಕದಲ್ಲಿ 'ಸಪ್ರೆಸರ್ ಸೆಲ್' ಎಂಬ ಹೆಸರಿನಿಂದ ಬೇರೊಂದು ವಾದ ನಡೆದು, ಮುಂದಿನ ದಶಕದಲ್ಲಿ ಬಿದ್ದುಹೋಯಿತೆಂದು ಅವನೇ ನೆನಪಿಸಿದನು. ಆ ಪದವು ಅದಕ್ಕೂ ವ್ಯಾಪಿಸುವುದರಿಂದ ಕೈಬಿಟ್ಟು 'ನಿಯಂತ್ರಕ ಟಿ-ಕೋಶ' ಎಂದೆ, ಅದನ್ನು ಒಪ್ಪಿದನು. 'ಬೇಲಿ'ಯನ್ನು ಮಾತ್ರ ಒಪ್ಪಲಿಲ್ಲ. ಪ್ರಯೋಗಶಾಲೆಯಲ್ಲಿ ಎಲ್ಲರೂ 'ಗೇಟ್' ಎಂದೇ ಅನ್ನುತ್ತಾರಂತೆ.