ಬೆಟ್ಟ ತಡೆದ ಚಿತ್ರ ಬಾನಿನಿಂದ ಇಳಿಯಿತು

ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯ ಒಂಟಿಮನೆಗಳಲ್ಲಿ ಟೀವಿ ನೋಡುವುದು ಒಂದು ಕಾಲಕ್ಕೆ ಇಬ್ಬರ ಕೆಲಸವಾಗಿತ್ತು. ಒಬ್ಬ ಮನೆ ಹಿಂದಿನ ಗುಡ್ಡ ಹತ್ತಿ, ಬಿದಿರ ಗಳಕ್ಕೆ ಕಟ್ಟಿದ ಆಂಟೆನಾ ಹಿಡಿದು ನಿಲ್ಲಬೇಕು. ಇನ್ನೊಬ್ಬ ಜಗುಲಿಯಲ್ಲಿ ನಿಂತು ಪರದೆ ನೋಡಿ ಕೂಗಬೇಕು.

'ಬಂತಾ?'

'ಇಲ್ಲ, ಇನ್ನೂ ಸ್ವಲ್ಪ ಆ ಕಡೆ!'

'ಈಗ?'

'ಬಂತು, ಬಂತು... ಅಯ್ಯೋ, ಹೋಯ್ತು!'

ಆಂಟೆನಾದಿಂದ ಕೈ ತೆಗೆದರೆ ಚಿತ್ರವೂ ಹೋಗುವುದಿತ್ತು. 1987-88ರಲ್ಲಿ 'ರಾಮಾಯಣ', ಅದರ ಬೆನ್ನಿಗೆ 'ಮಹಾಭಾರತ' ಭಾನುವಾರದ ಬೆಳಗನ್ನು ಆಳುತ್ತಿದ್ದ ದಿನಗಳಲ್ಲಿ ಮಲೆನಾಡಿನ ಎಷ್ಟೋ ಮನೆಗಳಿಗೆ ರಥ ಕಾಣಿಸಿದ್ದು ಜೋಡಿಯಾಗಿ, ಯುದ್ಧ ಕಾಣಿಸಿದ್ದು ಅಕ್ಕಿನುಚ್ಚು ಸುರಿದಂಥ ಬಿಳಿ ಚುಕ್ಕೆಗಳ ನಡುವೆ. ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಚಿತ್ರೀಕರಣಗೊಂಡದ್ದು ಇದೇ ಸೀಮೆಯ ಆಗುಂಬೆಯಲ್ಲಿ. ಇಲ್ಲಿ ತೆಗೆದ ಚಿತ್ರ ದೇಶಕ್ಕೆಲ್ಲ ಕಂಡರೂ ಇಲ್ಲಿಯ ಕಣಿವೆಗಳಿಗೆ ಸರಿಯಾಗಿ ಕಾಣುವುದು ಕಷ್ಟವಿತ್ತು.

ಈಗ ಗುಡ್ಡದ ಮೇಲಿನ ಆಂಟೆನಾ ಇಲ್ಲ. ಅಂಗಳದ ಮೂಲೆಯಲ್ಲೋ ಹೆಂಚಿನ ಮಾಡಿನ ಅಂಚಿನಲ್ಲೋ ಎರಡಡಿ ಅಗಲದ ತಟ್ಟೆಯೊಂದು ಆಗ್ನೇಯ ದಿಕ್ಕಿನ ಆಕಾಶ ನೋಡುತ್ತಿದೆ. ಹಲವು ಮನೆಗಳಲ್ಲಿ ಅದು ತಿಂಗಳ ಬಾಡಿಗೆ ಇಲ್ಲದ, ದೂರದರ್ಶನದ 'ಡಿಡಿ ಫ್ರೀ ಡಿಶ್'. ಗುಡ್ಡ ಹತ್ತುವ ಕಷ್ಟ ತಪ್ಪಿದ್ದು ಹೇಗೆ? ಹಾಗೆ ಸಿಕ್ಕಿದ್ದು ನಿಜಕ್ಕೂ ಪೂರ್ತಿ ಉಚಿತವೆ?

ರೇಡಿಯೋ ಬಂತು, ಟೀವಿ ಏಕಿಲ್ಲ?

ಮಲೆನಾಡಿನ ಮನೆ ಸಾಮಾನ್ಯವಾಗಿ ತೋಟದ ಪಕ್ಕದಲ್ಲಿರುತ್ತದೆ. ಅಡಿಕೆ ತೋಟಕ್ಕೆ ನೀರು ಬೇಕು, ನೆರಳು ಬೇಕು, ಗಾಳಿಯಿಂದ ಮರೆ ಬೇಕು. ಆದ್ದರಿಂದ ತೋಟ ಕಣಿವೆಯ ತಳದಲ್ಲಿ, ಮನೆ ಅದರ ಮಗ್ಗುಲಲ್ಲಿ. ಬೇಸಾಯಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಟೀವಿಗೆ ಇದಕ್ಕಿಂತ ಕೆಟ್ಟ ಜಾಗವಿಲ್ಲ.

ಆದರೆ ಇದೇ ಮನೆಗಳಲ್ಲಿ ರೇಡಿಯೋ ಚೆನ್ನಾಗಿಯೇ ಕೇಳುತ್ತಿತ್ತು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯ ದನಿ ಗುಡ್ಡ ದಾಟಿ ಅಡುಗೆಮನೆಯವರೆಗೂ ಬರುತ್ತಿತ್ತು. ಕಾರಣ ಅಲೆಗಳ ಉದ್ದದಲ್ಲಿದೆ. ಭದ್ರಾವತಿಯ ಮಧ್ಯಮ ತರಂಗಾಂತರ 675 ಕಿಲೋಹರ್ಟ್ಸ್. ಅದರ ಒಂದೊಂದು ಅಲೆಯೂ ಸುಮಾರು 444 ಮೀಟರ್ ಉದ್ದ. ಇಷ್ಟು ಉದ್ದದ ಅಲೆ ನೆಲಕ್ಕೆ ಅಂಟಿಕೊಂಡಂತೆ ಸಾಗುತ್ತದೆ, ಗುಡ್ಡ ಎದುರಾದರೆ ಬಾಗಿ ಆಚೆಗಿಳಿಯುತ್ತದೆ. ದೂರದರ್ಶನ ಹೆಚ್ಚಾಗಿ ಬಳಸಿದ್ದು 47ರಿಂದ 230 ಮೆಗಾಹರ್ಟ್ಸ್‌ವರೆಗಿನ ವಿಎಚ್ಎಫ್ ಪಟ್ಟಿಗಳನ್ನು. ಇವುಗಳ ಅಲೆ ಹೆಚ್ಚೆಂದರೆ ಆರೂವರೆ ಮೀಟರ್, ಕಡಿಮೆ ಎಂದರೆ ಒಂದೂಕಾಲು ಮೀಟರ್ ಆಚೀಚೆ. ಇವು ಬೆಳಕಿನಂತೆ ಬಹುಮಟ್ಟಿಗೆ ನೇರ ನಡೆಯುವ ಅಲೆಗಳು. ಬೆಟ್ಟದ ಹಿಂದೆ ಬಿಸಿಲಿಗೆ ನೆರಳು ಬೀಳುವಂತೆ ಇವಕ್ಕೂ ನೆರಳು ಬೀಳುತ್ತದೆ. ಕಣಿವೆಯ ಮನೆ ಆ ನೆರಳಿನಲ್ಲಿತ್ತು.

ಜೋಡಿ ಚಿತ್ರದ ಗುಟ್ಟು

ನೆರಳಿನಲ್ಲೂ ಸ್ವಲ್ಪ ಚಿತ್ರ ಸಿಗುತ್ತಿತ್ತಲ್ಲ, ಅದು ಎದುರು ಗುಡ್ಡಕ್ಕೆ ಬಡಿದು ಹಿಂದಿರುಗಿದ ಅಲೆ. ಒಂದೇ ಚಿತ್ರ ಎರಡು ದಾರಿಯಲ್ಲಿ ಬಂದರೆ ಸುತ್ತುದಾರಿಯದು ತಡವಾಗಿ ತಲುಪುತ್ತದೆ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿ.ಮೀ. ವೇಗದ್ದು. 300 ಮೀಟರ್ ಸುತ್ತಿ ಬಂದರೆ ಆಗುವ ತಡ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟರೊಳಗೆ ಹಳೆಯ ಟೀವಿಯ ಎಲೆಕ್ಟ್ರಾನ್ ಕಿರಣ ಪರದೆಯ ಮೇಲೆ ಸುಮಾರು ಒಂದು ಸೆಂಟಿಮೀಟರ್ ಮುಂದೆ ಹೋಗಿರುತ್ತಿತ್ತು. ಆದ್ದರಿಂದ ವಾರ್ತೆ ಓದುವವರ ಪಕ್ಕದಲ್ಲಿ, ಒಂದು ಬೆರಳಿನಷ್ಟು ಅಂತರದಲ್ಲಿ, ಅವರದೇ ಮಸುಕು ನೆರಳು ಕೂತು ವಾರ್ತೆ ಓದುತ್ತಿತ್ತು.

ಚುಕ್ಕೆಗಳ ಕಥೆ ಬೇರೆ. ಬರುವ ಅಲೆ ತೀರಾ ದುರ್ಬಲವಾದಾಗ ಟೀವಿಯೊಳಗಿನ ವಿದ್ಯುತ್ ಗದ್ದಲವೇ ಮೇಲಾಗಿ ಪರದೆಯಲ್ಲಿ ಕಾಣುತ್ತದೆ. ಪೇಟೆಯಿಂದ 'ಬೂಸ್ಟರ್' ತಂದು ಟೀವಿಯ ಪಕ್ಕ ಜೋಡಿಸಿದವರು ಬಹಳ. ಅದು ಚಿತ್ರವನ್ನೂ ಗದ್ದಲವನ್ನೂ ಒಟ್ಟಿಗೇ ಹಿಗ್ಗಿಸಿಕೊಡುತ್ತಿತ್ತು.

ಆಂಟೆನಾ ತಿರುಗಿಸುವುದು ಮಾತ್ರ ಸುಮ್ಮನೆ ಮಾಡುತ್ತಿದ್ದ ಸಾಹಸವಲ್ಲ. ಮೀನಿನ ಮುಳ್ಳಿನಂತೆ ಕಡ್ಡಿಗಳನ್ನು ಜೋಡಿಸಿದ ಆ ಆಂಟೆನಾ ಜಪಾನಿನ ಶಿಂತಾರೋ ಉಡಾ ಮತ್ತು ಹಿದೆತ್ಸುಗು ಯಾಗಿ 1926ರಲ್ಲಿ ಜಗತ್ತಿಗೆ ಕೊಟ್ಟ ಕಾಣಿಕೆ. ಹಿಂದಿನ ಕಡ್ಡಿ ಅಲೆಯನ್ನು ಪ್ರತಿಫಲಿಸುತ್ತದೆ, ಮುಂದಿನ ಕಡ್ಡಿಗಳು ದಾರಿ ತೋರುತ್ತವೆ. ಒಂದು ದಿಕ್ಕಿಗೆ ಮಾತ್ರ ಕಿವಿ ಕೊಟ್ಟು ಉಳಿದ ದಿಕ್ಕಿನದನ್ನು ಬಿಡುವುದೇ ಅದರ ಗುಣ. ಗುಡ್ಡದ ಮೇಲೆ ನಿಂತವನು ಹುಡುಕುತ್ತಿದ್ದುದು ಆ ದಿಕ್ಕನ್ನೇ. ಮಳೆಗಾಲದ ಒಂದು ಬಿರುಗಾಳಿ ಸಾಕು, ಹುಡುಕಾಟ ಮತ್ತೆ ಮೊದಲಿನಿಂದ. ಗುಡುಗು ಕೇಳಿದರೆ ಓಡಿಹೋಗಿ ವಯರು ಕೀಳಬೇಕಿತ್ತು. ಗುಡ್ಡದ ತಲೆಯ ಲೋಹದ ಕಡ್ಡಿ ಸಿಡಿಲಿಗೆ ಕೊಟ್ಟ ಆಹ್ವಾನವೇ ಸರಿ.

ದಿನಕ್ಕೊಂದು ಟ್ರಾನ್ಸ್‌ಮಿಟರ್

ಸರ್ಕಾರ ಸುಮ್ಮನೆ ಕುಳಿತಿರಲಿಲ್ಲ. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಹುಟ್ಟಿದ ಟೀವಿ ಬೆಂಗಳೂರಿಗೆ ಬಂದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. 1984ರಲ್ಲಿ ದೇಶದಲ್ಲಿ ದಿನಕ್ಕೊಂದರಂತೆ ಟ್ರಾನ್ಸ್‌ಮಿಟರ್ ನಿಲ್ಲಿಸುವ ಭರಾಟೆ ನಡೆಯಿತು. ಮುಂದೆ ಇವುಗಳ ಸಂಖ್ಯೆ 1,400 ದಾಟಿತು.

ಬಯಲುಸೀಮೆಯಲ್ಲಿ 10 ಕಿಲೋವ್ಯಾಟ್‌ನ ದೊಡ್ಡ ಟ್ರಾನ್ಸ್‌ಮಿಟರ್ ಸುತ್ತಲಿನ ನೂರು ಕಿ.ಮೀ.ವರೆಗೆ ಚಿತ್ರ ಮುಟ್ಟಿಸಬಲ್ಲದು. ಸಣ್ಣ ಪೇಟೆಗಳಲ್ಲಿ ನಿಂತ 100 ವ್ಯಾಟ್‌ನದಕ್ಕೆ 25 ಕಿ.ಮೀ. ಮಿತಿ. ಆದರೆ ಈ ಲೆಕ್ಕ ನಡೆಯುವುದು ನಕ್ಷೆಯ ಮೇಲೆ ಕೈವಾರದಿಂದ ಎಳೆದ ವೃತ್ತದೊಳಗೆ. ಆ ವೃತ್ತದಲ್ಲಿ ಬೆಟ್ಟ ಕಾಣುವುದಿಲ್ಲ. ಸಹ್ಯಾದ್ರಿಯಲ್ಲಿ ಎಂಟು ಕಿ.ಮೀ. ದೂರದ ಮನೆಯೂ ಕತ್ತಲಲ್ಲಿರಬಹುದಿತ್ತು. ಕಣಿವೆಗೊಂದು ಟ್ರಾನ್ಸ್‌ಮಿಟರ್ ನಿಲ್ಲಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ಮೈಲಿಗೊಂದು ಮನೆಯಿದ್ದಲ್ಲಿಗೆ ಕೇಬಲ್ ಎಳೆಯುವವರೂ ಬರಲಿಲ್ಲ.

ಬೆಂಗಳೂರಿಗಿಂತ ಮೊದಲೇ ಹಳ್ಳಿಗೆ

ನೆಲದ ಮೇಲಿನಿಂದ ಆಗದ್ದನ್ನು ಆಕಾಶದಿಂದ ಮಾಡಬಹುದೆಂಬ ಯೋಚನೆ ಹೊಸದಲ್ಲ. ಅದರ ಮೊದಲ ದೊಡ್ಡ ಪ್ರಯೋಗ ನಡೆದದ್ದು ಕರ್ನಾಟಕದ ಹಳ್ಳಿಗಳನ್ನೂ ಒಳಗೊಂಡು. ವಿಕ್ರಮ್ ಸಾರಾಭಾಯಿ ಕನಸು ಕಂಡಿದ್ದ 'ಸೈಟ್' ಯೋಜನೆ 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಪ್ರಸಾರ. ನಮ್ಮಲ್ಲಿ ಆಯ್ಕೆಯಾದವು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿನ ಜಾಲರಿಯಂಥ ತಂತಿ ಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ತಟ್ಟೆಯನ್ನು ಊರೊಳಗೆ ನಿಲ್ಲಿಸಿ, ಊರಿಗೆಲ್ಲ ಒಂದು ಟೀವಿ ಇಟ್ಟರು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ಪ್ರಸಾರದ ನಾಲ್ಕು ಭಾಷೆಗಳಲ್ಲಿ ಕನ್ನಡವೂ ಒಂದು.

ಬೆಂಗಳೂರಿನವರು ತಮ್ಮೂರಿನ ಟೀವಿ ನೋಡುವುದಕ್ಕೆ ಆರು ವರ್ಷ ಮೊದಲೇ ಗುಲಬರ್ಗಾದ ಹಳ್ಳಿಗರು ಉಪಗ್ರಹದಿಂದ ಕನ್ನಡ ಕಾರ್ಯಕ್ರಮ ನೋಡಿದ್ದರು! ವರ್ಷ ತುಂಬಿದ ಮೇಲೆ ಉಪಗ್ರಹವನ್ನು ಬೇರೆಡೆಗೆ ಸರಿಸಿದ್ದರಿಂದ ಪ್ರಯೋಗ ಮುಗಿಯಿತು. ಅದು ತೋರಿಸಿಕೊಟ್ಟ ದಾರಿ ಉಳಿಯಿತು.

ಹತ್ತಡಿಯಿಂದ ಎರಡಡಿಗೆ

ಆ ದಾರಿ ಮಲೆನಾಡಿಗೆ ಬಂದದ್ದು 1990ರ ದಶಕದಲ್ಲಿ, ಮೊದಲು ಅನುಕೂಲವಂತರ ಮನೆಗೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಎಂಟು-ಹತ್ತು ಅಡಿ ಅಗಲದ ಜಾಲರಿ ಡಿಶ್ ಅಂಗಳಕ್ಕೆ ಬಂದು ನಿಲ್ಲುತ್ತಿತ್ತು. ಅದು ಹಿಡಿಯುತ್ತಿದ್ದುದು 'ಸಿ ಬ್ಯಾಂಡ್' ಅಲೆಗಳನ್ನು. ಉಪಗ್ರಹದಿಂದ ಇಳಿಯುವ ಆ ಅಲೆ ಬಹಳ ಕ್ಷೀಣ, ಉದ್ದ ಏಳೆಂಟು ಸೆಂಟಿಮೀಟರ್. ಅದನ್ನು ಒಂದೆಡೆ ಕೂಡಿಸಲು ಅಗಲವಾದ ತಟ್ಟೆಯೇ ಬೇಕು. ಡಿಶ್‌ಗೆ ಒಮ್ಮೆ ಹಣ ಹಾಕಿದರೆ ಆಯಿತು ಎಂದುಕೊಂಡವರಿಗೆ ಮುಂದೆ ನಿರಾಸೆ ಕಾದಿತ್ತು. ಚಾನೆಲುಗಳು ಒಂದೊಂದಾಗಿ ಬೀಗ ಹಾಕಿಕೊಂಡು ಹಣ ಕೇಳತೊಡಗಿದವು.

ಚಿಕ್ಕ ತಟ್ಟೆಗೆ ಬೇಕಾದದ್ದು 'ಕೆಯು ಬ್ಯಾಂಡ್'. ಅಲೆ ಎರಡೂವರೆ ಸೆಂಟಿಮೀಟರ್ ಆಸುಪಾಸು, ಬಲವೂ ಹೆಚ್ಚು. ಎರಡಡಿ ತಟ್ಟೆ ಸಾಕು. 1997ರಲ್ಲಿ ಸರ್ಕಾರ ಇಂಥ ನೇರ ಪ್ರಸಾರಕ್ಕೆ ತಡೆಯೊಡ್ಡಿತ್ತು. 2000ದ ಕೊನೆಗೆ ಬಾಗಿಲು ತೆರೆಯಿತು. 2003ರಲ್ಲಿ ಹಣ ಕೊಟ್ಟು ನೋಡುವ ಖಾಸಗಿ ಸೇವೆ ಶುರುವಾಯಿತು. 2004ರ ಡಿಸೆಂಬರ್‌ನಲ್ಲಿ ದೂರದರ್ಶನ ತನ್ನ ಉಚಿತ ಸೇವೆ 'ಡಿಡಿ ಡೈರೆಕ್ಟ್ ಪ್ಲಸ್' ಆರಂಭಿಸಿತು. ಆರಂಭದಲ್ಲಿ 33 ಚಾನೆಲು. ಇಂದಿನ ಫ್ರೀ ಡಿಶ್ ಅದರದೇ ಮುಂದಿನ ರೂಪ. ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿ ಅದಿದೆ ಎಂದು ಅಂದಾಜು.

ನೆತ್ತಿಯ ಹತ್ತಿರದ ಉಪಗ್ರಹ

ಮಲೆನಾಡಿಗೆ ಇದು ವರವಾದದ್ದು ಭೂಗೋಳದ ಕಾರಣದಿಂದ. ಫ್ರೀ ಡಿಶ್ ಹೊತ್ತಿರುವ ಜಿಸ್ಯಾಟ್-15 ಉಪಗ್ರಹ 2015ರ ನವೆಂಬರ್‌ನಲ್ಲಿ ಮೇಲೇರಿತು. ಸಮಭಾಜಕ ವೃತ್ತದ ಮೇಲೆ, 35,786 ಕಿ.ಮೀ. ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ಅದರ ಠಾವು. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ತಾನೂ ಸುತ್ತುವುದರಿಂದ ನಮಗೆ ಅದು ನಿಂತಲ್ಲೇ ನಿಂತಂತೆ. ತಟ್ಟೆಯನ್ನು ಒಮ್ಮೆ ಕೂರಿಸಿದರೆ ಮತ್ತೆ ತಿರುಗಿಸಬೇಕಿಲ್ಲ.

ತೀರ್ಥಹಳ್ಳಿ ಸುತ್ತಮುತ್ತ ನಿಂತು ನೋಡಿದರೆ ಈ ಉಪಗ್ರಹ ಇರುವುದು ಆಗ್ನೇಯಕ್ಕೆ, ದಿಗಂತದಿಂದ ಸುಮಾರು 63 ಡಿಗ್ರಿ ಮೇಲೆ. ಅಂದರೆ ಆ ದಿಕ್ಕಿನ ಮರವೋ ಗುಡ್ಡವೋ ತಟ್ಟೆಯಿಂದ ಎಷ್ಟು ದೂರವಿದೆಯೋ ಅದರ ಎರಡರಷ್ಟು ಎತ್ತರವಿದ್ದರೆ ಮಾತ್ರ ಅಡ್ಡಿ. ನೂರು ಅಡಿ ದೂರದ ಮರ ಇನ್ನೂರು ಅಡಿ ಬೆಳೆದಿರಬೇಕು! ಲಂಡನ್ನಿನವರು ತಮ್ಮ ಉಚಿತ ಉಪಗ್ರಹ ಟೀವಿಗೆ ಕೇವಲ 25 ಡಿಗ್ರಿ ಮೇಲೆ ನೋಡಬೇಕು; ಅಲ್ಲಿ ಪಕ್ಕದ ಮನೆಯ ಗೋಡೆಯೂ ಅಡ್ಡ ಬರಬಹುದು. ಅಡ್ಡಲಾಗಿ ಬರುವ ಅಲೆಗೆ ಕಣಿವೆ ಕತ್ತಲಕೋಣೆಯಾಗಿತ್ತು. ಮೇಲಿನಿಂದ ಇಳಿಯುವ ಅಲೆಗೆ ಅದು ತೆರೆದ ಅಂಗಳ.

ತಟ್ಟೆ ಅಷ್ಟೇನೂ ಮೇಲೆ ನೋಡುತ್ತಿಲ್ಲವಲ್ಲ ಎಂದು ಕೆಲವರಿಗೆ ಅನುಮಾನ. ಅಲೆಯನ್ನು ಕೂಡಿಸುವ ಸಾಧನ ನೆರಳು ಹಾಕದಿರಲೆಂದು ಈ ತಟ್ಟೆಗಳ ಬಾಗನ್ನು ಓರೆಯಾಗಿ ರೂಪಿಸಿರುತ್ತಾರೆ. ಆದ್ದರಿಂದ ಅದು ನಿಜಕ್ಕೂ ನೋಡುವ ದಿಕ್ಕು ಕಣ್ಣಿಗೆ ಕಾಣುವುದಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಿರುತ್ತದೆ.

ಉಚಿತದ ಬೆಲೆ

ಇಷ್ಟಾದರೂ ತಕರಾರು ಮುಗಿದಿಲ್ಲ. ಮೊದಲನೆಯದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಗುಡ್ಡ ತಡೆಯದ ಚಿಕ್ಕ ಅಲೆಯನ್ನು ಮಳೆಹನಿ ಹೀರಿ ಚೆದುರಿಸುತ್ತದೆ. ಹಳೆಯ ಆಂಟೆನಾದಲ್ಲಿ ಚಿತ್ರ ಕೆಟ್ಟರೂ ದನಿ ಉಳಿಯುತ್ತಿತ್ತು. ಕ್ರಿಕೆಟ್ ಸ್ಕೋರಾದರೂ ಕೇಳುತ್ತಿತ್ತು. ಡಿಜಿಟಲ್ ಪ್ರಸಾರದಲ್ಲಿ ಅರೆಬರೆ ಎಂಬುದಿಲ್ಲ. ಸ್ವಚ್ಛ ಚಿತ್ರ ಒಮ್ಮೆಲೇ ಚೌಕ ಚೌಕವಾಗಿ ಒಡೆದು ನಿಲ್ಲುತ್ತದೆ. ಎರಡಡಿಯ ಬದಲು ಮೂರಡಿ ತಟ್ಟೆ ಹಾಕಿದರೆ ಹಿಡಿಯುವ ಅಲೆ ಎರಡೂಕಾಲು ಪಟ್ಟು. ಸಾಧಾರಣ ಮಳೆಯನ್ನು ಅದು ತಾಳಿಕೊಳ್ಳುತ್ತದೆ. ಸುರಿಮಳೆಗೆ ಅದೂ ಸೋಲುತ್ತದೆ.

ಎರಡನೆಯದು ಭಾಷೆ. ಟ್ರಾನ್ಸ್‌ಮಿಟರ್ ಕಾಲದಲ್ಲಿ ದಿನದ ಬಹುಭಾಗ ದೆಹಲಿಯ ಕಾರ್ಯಕ್ರಮ, ಸಂಜೆ ಕೆಲ ಹೊತ್ತು ಮಾತ್ರ ಕನ್ನಡ. ಉಪಗ್ರಹದಿಂದ 'ಚಂದನ' ದಿನವಿಡೀ ಒಂಟಿಮನೆಗೂ ಬಂತು. ಇದು ಸಣ್ಣ ಲಾಭವಲ್ಲ. ಆದರೆ ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲುಗಳು ಜಾಗ ಪಡೆಯುವುದು ಹರಾಜಿನಲ್ಲಿ. ಜಾಹೀರಾತಿನ ದೊಡ್ಡ ಮಾರುಕಟ್ಟೆ ಇರುವ ಹಿಂದಿಯದೇ ಅಲ್ಲಿ ಮೇಲುಗೈ. ಜನ ಮೆಚ್ಚಿದ ಕನ್ನಡ ಧಾರಾವಾಹಿ ಬೇಕೆಂದರೆ ಹಣ ಕೊಡುವ ಡಿಶ್‌ಗೇ ಹೋಗಬೇಕು. ಡಬ್ಬಿ-ತಟ್ಟೆಗೆ ಒಂದೆರಡು ಸಾವಿರ ರೂಪಾಯಿ ಕೊಟ್ಟು ತಂದವರು ಹಿಂದಿ ಸಿನಿಮಾ ಬೇಕಾದಷ್ಟು ನೋಡಬಹುದು, ಕನ್ನಡಕ್ಕೆ ಮುಖ್ಯ ಆಸರೆ ಚಂದನವೇ.

ಮೂರನೆಯದು, ಹಿಂದಿರುಗುವ ದಾರಿ ಈಗ ಇಲ್ಲ. ಆಯಕಟ್ಟಿನ ಸ್ಥಳಗಳ ಸುಮಾರು 50 ಟ್ರಾನ್ಸ್‌ಮಿಟರುಗಳನ್ನು ಬಿಟ್ಟು ಉಳಿದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನೆಲ್ಲ 2022ರ ಮಾರ್ಚ್ ಒಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿ 2021ರಲ್ಲಿ ಪ್ರಕಟಿಸಿತು. ನೋಡುವವರಿಲ್ಲದ ಯಂತ್ರಕ್ಕೆ ವಿದ್ಯುತ್ ಸುಡುವುದರಲ್ಲಿ ಅರ್ಥವಿಲ್ಲ, ನಿಜ. ಆದರೆ 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಂಥ ದಿನಗಳಲ್ಲಿ ಸುದ್ದಿ ಅತಿ ಹೆಚ್ಚು ಬೇಕಾಗುವುದೂ, ಕರೆಂಟು ಹೋಗಿ ತಟ್ಟೆ ಮಳೆಗೆ ಸೋಲುವುದೂ ಒಂದೇ ಹೊತ್ತಿನಲ್ಲಿ.

ಅದಕ್ಕೇ ಮಲೆನಾಡಿನ ತಿಳಿದ ಹಿರಿಯರು ಜಗುಲಿಯಲ್ಲಿ ಬ್ಯಾಟರಿ ರೇಡಿಯೋ ಒಂದನ್ನು ಇನ್ನೂ ಇಟ್ಟುಕೊಂಡಿರುತ್ತಾರೆ. ಜೂನ್ ಬರುವ ಮುನ್ನ ಮಾಡಿನ ಹೆಂಚು ಸರಿಮಾಡಿಸಿ, ಕಟ್ಟಿಗೆ ಒಟ್ಟಿ, ಸಂತೆಯಿಂದ ಸೆಲ್ಲು ತಂದಿಡುವುದು ಅವರ ಮಳೆಗಾಲದ ತಯಾರಿಯಲ್ಲಿ ಒಂದು.